ಬಚ್ಚಲ ಒಲೆಗೆ ಹಾಕಿದ ಪ್ಲಾಸ್ಟಿಕ್ ಎಲ್ಲಿಗೆ ಹೋಗುತ್ತದೆ?

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಲ್ಲಿ ಅಡುಗೆಮನೆ ಬದಲಾಗಿ ವರ್ಷಗಳೇ ಆದವು. ಮಿಕ್ಸರ್ ಬಂತು, ಫ್ರಿಜ್ ಬಂತು, ಗ್ಯಾಸ್ ಬಂತು. 2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಬಡವರ ಮನೆಗಳಿಗೂ ಸಿಲಿಂಡರ್ ತಲುಪಿತು. ಆದರೆ ಬಚ್ಚಲ ಒಲೆ ಮಾತ್ರ ಇದ್ದಲ್ಲೇ ಇದೆ. ಅದಕ್ಕೆ ಕಾರಣವೂ ಇದೆ. ಹಂಡೆ ತುಂಬ ನೀರು ಕಾಯಿಸಲು ಗ್ಯಾಸ್ ಸುಟ್ಟರೆ ಖರ್ಚು ತೂಗುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳುವಂತಿಲ್ಲ. ಸೋಲಾರ್ ಹಾಕಿಸೋಣ ಅಂದರೆ, ತೋಟದ ತಗ್ಗಿನಲ್ಲಿರುವ ಮನೆಗೆ ಬಿಸಿಲು ಇಳಿಯುವುದೇ ತಡವಾಗಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದೂ ಇಲ್ಲ. ಇನ್ನೊಂದು ಕಡೆ ಅಡಿಕೆ ಮರದ ಸೋಗೆ, ಹಾಳೆ, ಅಡಿಕೆ ಸಿಪ್ಪೆ ಕಾಲಿಗೆ ಸಿಗುವಷ್ಟು ಬಿದ್ದಿರುತ್ತದೆ. ಘಟ್ಟದ ಕೆಳಗೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಹೋದರೆ ತೆಂಗಿನ ಮಡಲು, ಸಿಪ್ಪೆ, ಕರಟ. ಹಾಗಾಗಿ ಒಲೆ ಉಳಿದುಕೊಂಡಿತು.

ಒಲೆ ಹಳೆಯದೇ, ಒಲೆಗೆ ಬೀಳುವುದು ಮಾತ್ರ ಹೊಸದು. ಹಾಲಿನ ಪ್ಯಾಕೆಟ್, ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆ, ಗುಟ್ಕಾ ಚೀಟಿ, ಮಾತ್ರೆಯ ಖಾಲಿ ಶೀಟು, ಹರಿದ ಚಪ್ಪಲಿ, ಬಿಸ್ಕತ್ತಿನ ಟ್ರೇ, ಪಾರ್ಸೆಲ್ ಸುತ್ತಿ ಬಂದ ಕವರ್. ಹಿಂದೆ ಅಂಗಡಿಯಿಂದ ಬಂದ ಕಾಗದ, ಸೆಣಬಿನ ದಾರ, ಬಾಳೆ ಎಲೆ ಎಲ್ಲವೂ ಕೊನೆಗೆ ಇದೇ ಒಲೆಗೆ ಹೋಗುತ್ತಿತ್ತು. ಆ ಅಭ್ಯಾಸ ಮುಂದುವರಿದಿದೆ, ವಸ್ತು ಬೇರೆ ಆಗಿದೆ. ಅದರ ಮೇಲೆ ಇದರಿಂದ ಒಂದು ಅನುಕೂಲವೂ ಇದೆ. ಆಷಾಢದ ಬೆಳಿಗ್ಗೆ ಕಟ್ಟಿಗೆ ತಂಪಾಗಿ ಹೊತ್ತಿಕೊಳ್ಳದಿದ್ದಾಗ ಒಂದು ಪ್ಲಾಸ್ಟಿಕ್ ಕೊಟ್ಟೆ (ಚೀಲ) ಹಾಕಿದರೆ ಒಂದೇ ಕಡ್ಡಿಯಲ್ಲಿ ಬೆಂಕಿ ಹಿಡಿಯುತ್ತದೆ.

ಕಸ ಹೋಯಿತು, ನೀರು ಕಾಯಿತು, ಒಂದೇ ಕಲ್ಲಿಗೆ ಎರಡು ಹಕ್ಕಿ ಅಂತ ಅನಿಸುವುದು ಸಹಜ. ಇದನ್ನು ಮಾಡುವವರು ಬೇಜವಾಬ್ದಾರಿಯವರಲ್ಲ. ರಸ್ತೆಗೆ, ಹೊಳೆಗೆ ಎಸೆಯುವ ಬದಲು ಮನೆಯಲ್ಲೇ ಮುಗಿಸೋಣ ಅನ್ನುವ ಶಿಸ್ತಿನವರೇ ಜಾಸ್ತಿ. ಆದರೆ ಒಲೆಯಲ್ಲಿ ಯಾವುದೂ ಮುಗಿಯುವುದಿಲ್ಲ. ಬೇರೆ ರೂಪ ತಾಳಿ ಮನೆಯ ಸುತ್ತಲೇ ಉಳಿಯುತ್ತದೆ. ಹೇಗೆ ಅಂತ ನೋಡೋಣ.

ಎಲ್ಲ ಪ್ಲಾಸ್ಟಿಕ್ ಒಂದೇ ಅಲ್ಲ

ಹಾಲಿನ ಪ್ಯಾಕೆಟ್, ತೆಳು ಕ್ಯಾರಿಬ್ಯಾಗ್ ಹೆಚ್ಚಾಗಿ ಪಾಲಿಥಿನ್‌ನಿಂದ ಆದವು. ಪಾಲಿಥಿನ್‌ನಲ್ಲಿ ಇರುವುದು ಇಂಗಾಲ ಮತ್ತು ಜಲಜನಕ ಮಾತ್ರ. ತುಂಬಾ ಬಿಸಿಯಲ್ಲಿ, ಬೇಕಾದಷ್ಟು ಗಾಳಿ ಸಿಕ್ಕಿ ಪೂರ್ತಿ ಉರಿದರೆ ಅದು ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಹಬೆ ಆಗಿಬಿಡುತ್ತದೆ. ಆದರೆ ಬಚ್ಚಲ ಒಲೆಯಲ್ಲಿ ಹಾಗೆ ಪೂರ್ತಿ ಉರಿಯುವುದಿಲ್ಲ. ಕೊಟ್ಟೆ ಮೊದಲು ಕರಗುತ್ತದೆ, ಹನಿ ಹನಿಯಾಗಿ ಕೆಂಡದ ಮೇಲೆ ಬೀಳುತ್ತದೆ, ಕಪ್ಪು ಹೊಗೆ ಬಿಡುತ್ತದೆ. ಆ ಕಪ್ಪು ಅಂದರೆ ಅರ್ಧ ಉರಿದ ಇಂಗಾಲದ ಕಣ. ಅದರ ಮೈಗೆ ಅಂಟಿಕೊಂಡು ಬೆಂಜೋಪೈರೀನ್‌ನಂಥ ರಾಸಾಯನಿಕಗಳು ಬರುತ್ತವೆ. ಬೀಡಿ, ಸಿಗರೇಟಿನ ಹೊಗೆಯಲ್ಲೂ ಇರುವ, ಕ್ಯಾನ್ಸರ್ ತರುತ್ತದೆ ಎಂದು ಖಚಿತವಾಗಿರುವ ವಸ್ತು ಅದು. ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಬೇರೆ.

ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆ ಪದರ ಪದರವಾಗಿ ಅಂಟಿಸಿದ ಪ್ಲಾಸ್ಟಿಕ್. ಒಳಗಡೆ ಹೊಳೆಯುವುದು ಅಲ್ಯೂಮಿನಿಯಂ. ಅದನ್ನು ಬೇರ್ಪಡಿಸಲು ಕಷ್ಟ, ಗುಜರಿಯವರು ಮುಟ್ಟುವುದಿಲ್ಲ. ಅದಕ್ಕೇ ಒಲೆಗೆ ಹೋಗುವುದರಲ್ಲಿ ಇವುಗಳದ್ದೇ ದೊಡ್ಡ ಪಾಲು.

ಥರ್ಮೋಕೋಲ್ ಕರಾವಳಿಯ ಕಡೆ ಜಾಸ್ತಿ. ಮೀನು ಮಂಜುಗಡ್ಡೆ ಹಾಕಿ ಕಳಿಸುವ ಪೆಟ್ಟಿಗೆ ಒಡೆದರೆ ದಂಡೆಯಲ್ಲೇ ಬೆಂಕಿ ಹಚ್ಚುವುದುಂಟು. ಅದು ಸುಟ್ಟಾಗ ದಟ್ಟ ಮಸಿ ಮತ್ತು ಸ್ಟೈರೀನ್ ಬರುತ್ತದೆ. ಸ್ಟೈರೀನ್ ಕಣ್ಣು, ಗಂಟಲು ಉರಿಸುತ್ತದೆ, ತಲೆ ಸುತ್ತಿಸುತ್ತದೆ. ಹಳೆ ನೈಲಾನ್ ಬಲೆ ಸುಟ್ಟರೆ ಸಮಸ್ಯೆ ಇನ್ನೊಂದು ತರಹ. ನೈಲಾನ್‌ನಲ್ಲಿ ಸಾರಜನಕ ಇದೆ, ಅದರಿಂದ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಹುಟ್ಟುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಪಿವಿಸಿ. ಇದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ, ನೂರಕ್ಕೆ ಸುಮಾರು 57 ಪಾಲು, ಕ್ಲೋರಿನ್. ಪಿವಿಸಿ ಅಂದ ಕೂಡಲೇ ಪೈಪು ನೆನಪಾಗುತ್ತದೆ, ಪೈಪನ್ನು ಯಾರು ಒಲೆಗೆ ಹಾಕುತ್ತಾರೆ ಅನಿಸುತ್ತದೆ. ಆದರೆ ಮಾತ್ರೆಯ ಶೀಟಿನ ಪಾರದರ್ಶಕ ಭಾಗ ಸಾಮಾನ್ಯವಾಗಿ ಪಿವಿಸಿ. ರೆಕ್ಸಿನ್ ಚೀಲ ಪಿವಿಸಿ. ವಯರಿನ ಮೇಲ್ಸಿಪ್ಪೆ ಪಿವಿಸಿ. ಅನೇಕ ಅಗ್ಗದ ಚಪ್ಪಲಿ ಪಿವಿಸಿ. ನಮ್ಮ ಕಡೆ ಇನ್ನೂ ಒಂದು ಇದೆ, ಫ್ಲೆಕ್ಸ್. ಜಾತ್ರೆ, ಚುನಾವಣೆ, ಯಕ್ಷಗಾನ ಮುಗಿದ ಮೇಲೆ ಬ್ಯಾನರ್ ಸೀದಾ ಮನೆಗೆ ಬರುತ್ತದೆ. ಕಟ್ಟಿಗೆ ರಾಶಿಗೆ ಮುಚ್ಚಲು, ಕೊಟ್ಟಿಗೆಗೆ ಮಳೆ ಹೊಡೆಯದಂತೆ ಕಟ್ಟಲು ಅದಕ್ಕಿಂತ ಒಳ್ಳೆಯದು ಪುಕ್ಕಟೆ ಸಿಗುವುದಿಲ್ಲ. ಎರಡು ಮಳೆಗಾಲ ಕಳೆದು ಹರಿದು ಚೂರಾದಾಗ ಅದೇ ಕಟ್ಟಿಗೆ ಜೊತೆ ಒಲೆಗೂ ಹೋಗುತ್ತದೆ. ಅಂಥ ಫ್ಲೆಕ್ಸ್ ಬಹುಪಾಲು ಪಿವಿಸಿಯೇ.

ಹಂಡೆಯ ತಳದಲ್ಲಿ ನಡೆಯುವುದು

ಪಿವಿಸಿ ಸುಟ್ಟ ಕೂಡಲೇ ಮೂಗಿಗೆ ಚುಚ್ಚುವ ಘಾಟು ಬರುತ್ತದಲ್ಲ, ಅದು ಹೈಡ್ರೋಜನ್ ಕ್ಲೋರೈಡ್. ನೀರು ತಾಗಿದರೆ ಆಸಿಡ್ ಆಗುವ ಅನಿಲ. ಅದು ತಕ್ಷಣದ ಕಾಟ, ಗೊತ್ತಾಗುತ್ತದೆ, ನಾವು ದೂರ ಸರಿಯುತ್ತೇವೆ. ವಾಸನೆಯೇ ಇಲ್ಲದ ಇನ್ನೊಂದು ವಸ್ತು ಅದೇ ಹೊತ್ತಿಗೆ ತಯಾರಾಗುತ್ತಿರುತ್ತದೆ. ಅದರ ಹೆಸರು ಡಯಾಕ್ಸಿನ್.

ಡಯಾಕ್ಸಿನ್‌ ಅನ್ನು ಯಾರೂ ಬೇಕೆಂದು ತಯಾರಿಸುವುದಿಲ್ಲ. ಇಂಗಾಲ, ಕ್ಲೋರಿನ್, ಆಮ್ಲಜನಕ ಮೂರೂ ಸರಿಯಾದ ಬಿಸಿಯಲ್ಲಿ ಒಟ್ಟಿಗೆ ಸಿಕ್ಕರೆ ತಾನಾಗಿ ಹುಟ್ಟಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ, ಡಯಾಕ್ಸಿನ್ ಇರುವ ವಸ್ತುವನ್ನು ಸುಟ್ಟು ನಾಶ ಮಾಡಬೇಕಾದರೆ 850 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಬೇಕು. ಅದು ಹುಟ್ಟುವುದು ಇದಕ್ಕಿಂತ ಎಷ್ಟೋ ಕೆಳಗೆ. ಹೊಗೆ ತಣಿಯುತ್ತಾ 450 ಡಿಗ್ರಿಯಿಂದ 200ಕ್ಕೆ ಇಳಿಯುವ ಹಂತದಲ್ಲಿ, ಮಸಿಯ ಕಣಗಳ ಮೇಲೆ.

ಈಗ ನಮ್ಮ ಬಚ್ಚಲ ಒಲೆಯನ್ನು ನೆನಪು ಮಾಡಿಕೊಳ್ಳಿ. ಕೆಳಗೆ ಬೆಂಕಿ. ಮೇಲೆ ಹಂಡೆ, ಅದರೊಳಗೆ ಬಾವಿಯ ತಣ್ಣನೆ ನೀರು. ನೀರು ಎಷ್ಟೇ ಕುದಿದರೂ ಸುಮಾರು 100 ಡಿಗ್ರಿ ದಾಟುವುದಿಲ್ಲ. ಅಂದರೆ ಹಂಡೆಯ ತಳ ಯಾವಾಗಲೂ ಬೆಂಕಿಗಿಂತ ತುಂಬಾ ತಂಪು. ಉರಿಯಿಂದ ಎದ್ದ ಹೊಗೆ ಅದಕ್ಕೆ ಬಡಿದು ಗಬಕ್ಕನೆ ತಣಿಯುತ್ತದೆ, ತಳಕ್ಕೂ ಹೊಗೆ ಹೋಗುವ ದಾರಿಗೂ ಮಸಿ ಹಿಡಿಯುತ್ತದೆ. ಡಯಾಕ್ಸಿನ್ ಹುಟ್ಟಲು ಬೇಕಾದ ಬಿಸಿ, ಬೇಕಾದ ಮಸಿ, ಎರಡೂ ಅಲ್ಲೇ ಇವೆ. ಕ್ಲೋರಿನ್ ಒಂದು ಬೇಕಿತ್ತು, ಅದನ್ನು ಫ್ಲೆಕ್ಸ್ ಚೂರು ಕೊಟ್ಟಿತು.

ಇನ್ನೊಂದು ವಿಷಯ ಅಡಿಕೆ ಬೆಳೆಗಾರರು ಗಮನಿಸಬೇಕು. ಈ ಕ್ರಿಯೆಯನ್ನು ತಾಮ್ರ ಚುರುಕು ಮಾಡುತ್ತದೆ. ಸ್ವಲ್ಪವೇ ಇದ್ದರೂ ಸಾಕು, ಹಾಲಿಗೆ ಬಿದ್ದ ಹೆಪ್ಪಿನ ಹಾಗೆ ಕೆಲಸ ಶುರು ಮಾಡಿಸುತ್ತದೆ. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್. ಔಷಧಿ ಹೊಡೆದ ಅಡಿಕೆ ಗೊನೆಯ ಸಿಪ್ಪೆ, ಅದರ ಹನಿ ಬಿದ್ದ ಹಾಳೆ, ಗೊನೆಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆ, ಇವುಗಳ ಮೇಲೆ ತಾಮ್ರ ಉಳಿದಿರುತ್ತದೆ. ಸಿಪ್ಪೆ ಒಂದನ್ನೇ ಸುಟ್ಟರೆ ಅಷ್ಟು ಚಿಂತೆ ಇಲ್ಲ. ಪಿವಿಸಿ ಜೊತೆ ಸೇರಿದಾಗ ತೊಂದರೆ ಜಾಸ್ತಿ. ಕರಾವಳಿಯವರಿಗೆ ಇದೇ ತರಹದ ಇನ್ನೊಂದು ಎಚ್ಚರಿಕೆ: ಸಮುದ್ರದ ನೀರು ಕುಡಿದ ಮರ, ಉಪ್ಪು ಹಿಡಿದ ಬಲೆ ಸುಡುವಾಗ ಕ್ಲೋರಿನ್ ಆ ಉಪ್ಪಿನಿಂದಲೇ ಬರುತ್ತದೆ. ಅಲೆಗೆ ತೇಲಿ ಬಂದ ಕಟ್ಟಿಗೆ ಒಲೆಗೆ ಒಳ್ಳೆಯದಲ್ಲ.

ಹೊಗೆ ಎಲ್ಲಿ ಹೋಗುತ್ತದೆ

ಮೊದಲು ಸಿಗುವುದು ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು ಊದುವವರಿಗೆ. ನಮ್ಮ ಮನೆಗಳಲ್ಲಿ ಅದು ಸಾಮಾನ್ಯವಾಗಿ ಅಮ್ಮ, ಅತ್ತೆ ಅಥವಾ ಬೆಳಗಿನ ಜಾವ ಎದ್ದುಬಿಡುವ ಅಜ್ಜ. ಆಮೇಲೆ ಅದೇ ಬಚ್ಚಲಲ್ಲಿ ಸ್ನಾನಕ್ಕೆ ಕೂತ ಮಕ್ಕಳು.

ಹೊಗೆಯಲ್ಲಿನ ಅತಿ ಸಣ್ಣ ಕಣಗಳಿಗೆ ಪಿಎಂ 2.5 ಅನ್ನುತ್ತಾರೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿ, ಅದರಲ್ಲಿ ಎರಡೂವರೆ ಪಾಲು ಅಥವಾ ಅದಕ್ಕಿಂತ ಚಿಕ್ಕದು. ಮೂಗಿನ ಕೂದಲು, ಕಫ ಯಾವುದೂ ಇದನ್ನು ತಡೆಯುವುದಿಲ್ಲ. ಶ್ವಾಸಕೋಶದ ತುದಿ ತನಕ ಹೋಗಿ, ಕೆಲವು ರಕ್ತಕ್ಕೂ ಸೇರುತ್ತವೆ. ಅದಕ್ಕೇ ಹೊಗೆಯಿಂದ ಕೆಮ್ಮು, ದಮ್ಮು ಮಾತ್ರವಲ್ಲ, ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚುತ್ತದೆ. 24 ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ದಾಟಬಾರದು ಎಂದು ನಮ್ಮ ದೇಶದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 15ಕ್ಕೆ ಇಳಿಸಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಬರೀ ಕಟ್ಟಿಗೆಯ ಹೊಗೆಯೂ ನಿರಪಾಯ ಅಲ್ಲ. ಹಿಂದಿನವರು ಹೊಗೆಯಲ್ಲೇ ಬದುಕಿದರು, ಏನೂ ಆಗಲಿಲ್ಲ ಅನ್ನುವುದು ಸುಳ್ಳು. ಅನೇಕ ಅಜ್ಜಿಯರ ಕೊನೆಗಾಲದ ಉಬ್ಬಸದಲ್ಲಿ ಈ ಒಲೆಯ ಪಾಲೂ ಇತ್ತು. ಒಳ್ಳೆಯ ಹೊಗೆಗೂಡು ಇರುವ ಒಲೆಯಿಂದ ಅರ್ಧ ಕಷ್ಟ ತಪ್ಪುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಎಂಬ ವಿಭಾಗ ರೂಪಿಸಿದ ಒಲೆಗಳು ನಮ್ಮ ರಾಜ್ಯದ ಹಳ್ಳಿಗಳಿಗೆ ಬಂದದ್ದು ಈ ಕಾರಣಕ್ಕೇ. ಕಡಿಮೆ ಕಟ್ಟಿಗೆ, ಹೊಗೆ ಹೊರಗೆ. ಆದರೆ ಹೊಗೆಗೂಡು ಹೊಗೆಯನ್ನು ಹೊರಗೆ ಕಳಿಸುತ್ತದೆ, ಅಷ್ಟೇ. ಅದರಲ್ಲಿನ ಡಯಾಕ್ಸಿನ್ ಕಮ್ಮಿ ಆಗುವುದಿಲ್ಲ.

ಹೊರಗೆ ಹೋದದ್ದು ತುಂಬಾ ದೂರ ಹೋಗುತ್ತದೆ ಅಂದುಕೊಳ್ಳಬೇಡಿ. ಚಳಿಗಾಲದ ಬೆಳಿಗ್ಗೆ ಗುಡ್ಡದ ಮೇಲೆ ನಿಂತು ತೋಟದ ತಗ್ಗನ್ನು ನೋಡಿದರೆ ಹೊಗೆ ಅಡಿಕೆ ಮರಗಳ ತಲೆ ಮಟ್ಟದಲ್ಲಿ ಹಾಸಿಕೊಂಡಿರುತ್ತದೆ. ರಾತ್ರಿ ನೆಲ ತಣ್ಣಗಾದಾಗ ತಗ್ಗಿನಲ್ಲಿ ತಂಪು ಗಾಳಿ ಕೂರುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಿರುತ್ತದೆ. ಹೊಗೆಗೆ ಮೇಲೆ ಏರಲು ದಾರಿ ಇಲ್ಲ. ಬಿಸಿಲು ಏರುವ ತನಕ ಅಲ್ಲೇ. ನಾವು ಒಲೆ ಹಚ್ಚುವುದೂ ಅದೇ ಹೊತ್ತಿಗೆ. ಮಳೆಗಾಲದಲ್ಲಿ ಹೊಗೆಯ ಕಣಗಳನ್ನು ಮಳೆಯೇ ಕೆಳಗೆ ತೊಳೆದು ಹಾಕುತ್ತದೆ, ಅಂಗಳಕ್ಕೆ, ತೋಟಕ್ಕೆ, ಹುಲ್ಲಿಗೆ.

ಹುಲ್ಲಿನ ಮೇಲೆ ಬಿದ್ದದ್ದನ್ನು ಆಕಳು ತಿನ್ನುತ್ತದೆ. ಡಯಾಕ್ಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹಾಗಾಗಿ ಮೂತ್ರದಲ್ಲಿ ಹೊರಗೆ ಹೋಗದೆ ಮೈಯ ಕೊಬ್ಬಿನಲ್ಲಿ ಕೂರುತ್ತದೆ, ಹಾಲಿನ ಕೆನೆಯಲ್ಲಿ ಬರುತ್ತದೆ. ಬೆಣ್ಣೆ, ತುಪ್ಪ ಅಂದರೆ ಆ ಕೆನೆಯೇ ತಾನೆ? ಮನುಷ್ಯರಿಗೆ ಡಯಾಕ್ಸಿನ್ ಸಿಗುವುದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಉಸಿರಿನಿಂದ ಅಲ್ಲ, ಊಟದಿಂದ. ಮುಖ್ಯವಾಗಿ ಹಾಲಿನ ಪದಾರ್ಥ, ಮಾಂಸ, ಮೀನು, ಚಿಪ್ಪುಮೀನುಗಳಿಂದ. ಪೇಟೆಯ ಹಾಲು ನಾನಾ ಊರಿನ ಹಾಲು ಬೆರೆತು ಬರುತ್ತದೆ. ಮನೆಯ ಆಕಳಿನ ಹಾಲಿಗೆ ಮನೆಯ ಹೊಗೆಯೇ ಲೆಕ್ಕ. ಮನೆಹಾಲು ಶುದ್ಧ ಅನ್ನುವ ನಮ್ಮ ಹೆಮ್ಮೆ ಉಳಿಯಬೇಕಾದರೆ ಒಲೆಯೂ ಶುದ್ಧವಾಗಿರಬೇಕು.

ಎಷ್ಟು ಸಣ್ಣ ಪ್ರಮಾಣದ ಮಾತು ಇದು ಅಂದರೆ, ಪಿಕೋಗ್ರಾಂ ಎಂಬ ಅಳತೆ ಬಳಸುತ್ತಾರೆ. ಒಂದು ಗ್ರಾಮಿನ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲು. ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2001ರಲ್ಲಿ ಹಾಕಿದ ಮಿತಿ ತಿಂಗಳಿಗೆ ಮೈತೂಕದ ಪ್ರತಿ ಕೆಜಿಗೆ 70 ಪಿಕೋಗ್ರಾಂ. ಒಮ್ಮೆ ಮೈ ಸೇರಿದರೆ ಅರ್ಧ ಕಡಿಮೆಯಾಗಲು 7ರಿಂದ 11 ವರ್ಷ ಬೇಕು. ಹಾಗಾಗಿ ಇವತ್ತು ಒಂದು ಚೂರು, ನಾಳೆ ಒಂದು ಚೂರು ಅಂತ ಸುಟ್ಟದ್ದು ಒಟ್ಟುಗೂಡುತ್ತಾ ಹೋಗುತ್ತದೆ. ದೀರ್ಘಕಾಲ ಹೀಗೆ ಸೇರಿದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಹಾರ್ಮೋನುಗಳು ಏರುಪೇರಾಗುತ್ತವೆ, ಹೊಟ್ಟೆಯಲ್ಲಿರುವ ಮಗುವಿನ ಬೆಳವಣಿಗೆಗೆ ತೊಂದರೆ ಆಗುತ್ತದೆ. ಡಯಾಕ್ಸಿನ್ ಗುಂಪಿನ ಅತ್ಯಂತ ವಿಷಕಾರಿ ವಸ್ತುವನ್ನು 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಜಗತ್ತು ಇದನ್ನು ಹತ್ತಿರದಿಂದ ಕಂಡದ್ದು 1976ರಲ್ಲಿ, ಇಟಲಿಯ ಸೆವೆಸೋ ಬಳಿ ಒಂದು ರಾಸಾಯನಿಕ ಕಾರ್ಖಾನೆಯಿಂದ ಡಯಾಕ್ಸಿನ್ ಮೋಡ ಹೊರಬಿದ್ದಾಗ. ಮಕ್ಕಳ ಮುಖದ ಮೇಲೆಲ್ಲ ಗುಳ್ಳೆ ಎದ್ದವು. ನಮ್ಮ ಒಲೆಯಿಂದ ಅಂಥ ಅನಾಹುತ ಆಗುವುದಿಲ್ಲ. ಪ್ರಮಾಣ ತುಂಬಾ ಕಡಿಮೆ. ಆದರೆ ದಿನವೂ ಆಗುತ್ತದೆ, ಮನೆಮನೆಯಲ್ಲೂ ಆಗುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ.

ಬಾಣಂತಿಯರು ಇದನ್ನು ಓದಿ ಎದೆಹಾಲಿನ ಬಗ್ಗೆ ಹೆದರಬಾರದು. ಎದೆಹಾಲಿನ ಪ್ರಯೋಜನ ಯಾವ ಲೆಕ್ಕದಲ್ಲೂ ದೊಡ್ಡದು. ನಿಲ್ಲಿಸಬೇಕಾದ್ದು ಸುಡುವುದನ್ನು.

ಬೂದಿಯ ಕಥೆ

ಹೊಗೆಯಾಗಿ ಹೋಗದ್ದು ಬೂದಿಯಲ್ಲಿ ಉಳಿಯುತ್ತದೆ. ನಮ್ಮಲ್ಲಿ ಬೂದಿಗೆ ಬೆಲೆ ಇದೆ. ಗೊಬ್ಬರಗುಂಡಿಗೆ, ಬಾಳೆ ಬುಡಕ್ಕೆ, ಹರಿವೆ ಮಡಿಗೆ, ಬದನೆ ಎಲೆಯ ಹುಳಕ್ಕೆ. ಕೆಲವರು ಪಾತ್ರೆಯನ್ನೂ ಅದರಲ್ಲೇ ತಿಕ್ಕುತ್ತಾರೆ. ಕಟ್ಟಿಗೆ ಬೂದಿಯಲ್ಲಿ ಪೊಟ್ಯಾಶ್ ಇದೆ, ನಮ್ಮ ಹುಳಿ ಮಣ್ಣಿಗೆ ಅದು ಒಳ್ಳೆಯದೇ.

ಆದರೆ ಪ್ಲಾಸ್ಟಿಕ್‌ಗೆ ಬಣ್ಣ ಬರಲು, ಬಿಸಿಲಿಗೆ ಒಡೆಯದಿರಲು ನಾನಾ ಲೋಹದ ಸಂಯುಕ್ತಗಳನ್ನು ಸೇರಿಸುತ್ತಾ ಬಂದಿದ್ದಾರೆ. ಹಳೆಯ ಪಿವಿಸಿಯಲ್ಲಿ ಸೀಸ, ಕೆಲವು ಗಾಢ ಹಳದಿ, ಕೆಂಪು ಬಣ್ಣಗಳಲ್ಲಿ ಕ್ಯಾಡ್ಮಿಯಂ. ಲೋಹವನ್ನು ಬೆಂಕಿ ನಾಶ ಮಾಡುವುದಿಲ್ಲ. ಪ್ಲಾಸ್ಟಿಕ್ ಹೋಗಿ ಲೋಹ ಉಳಿಯುತ್ತದೆ, ಅದೂ ಇನ್ನಷ್ಟು ಗಟ್ಟಿಯಾಗಿ ಬೂದಿಯಲ್ಲಿ ಸೇರಿಕೊಂಡು. ಕ್ಯಾಡ್ಮಿಯಂ ಅನ್ನು ಸೊಪ್ಪಿನ ಗಿಡಗಳು ಸುಲಭವಾಗಿ ಹೀರಿಕೊಳ್ಳುತ್ತವೆ, ಮಣ್ಣು ಹುಳಿ ಇದ್ದಷ್ಟೂ ಜಾಸ್ತಿ. ಅದು ಮೂತ್ರಪಿಂಡಕ್ಕೆ ಕೆಟ್ಟದ್ದು. ಸೀಸ ಮಕ್ಕಳ ಮಿದುಳಿಗೆ ಕೆಟ್ಟದ್ದು.

ಗುಂಡಿಯಿಂದ ತೋಟಕ್ಕೆ, ತೋಟದ ಬಸಿಗಾಲುವೆಯಿಂದ ಹಳ್ಳಕ್ಕೆ, ಹಳ್ಳದಿಂದ ಅಘನಾಶಿನಿಗೋ ಗಂಗಾವಳಿಗೋ ಕಾಳಿಗೋ ಶರಾವತಿಗೋ. ಘಟ್ಟದ ಮೇಲಿನ ಬೂದಿ ಕೆಸರಿನ ಜೊತೆ ಇಳಿದು ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ತಂಗುತ್ತದೆ. ಅಲ್ಲಿ ಬಳಚು ಎಂಬ ಚಿಪ್ಪುಮೀನು ಇರುತ್ತದೆ. ಬಳಚು ನೀರನ್ನು ಸೋಸಿಯೇ ಬದುಕುವ ಜೀವಿ. ನೀರಿನಲ್ಲಿ ತೇಲುವ ಸಣ್ಣ ಕಣವನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ, ಒಳ್ಳೆಯದು ಕೆಟ್ಟದ್ದು ಆರಿಸುವುದಿಲ್ಲ. ಘಟ್ಟದ ಮೇಲಿನವರ ಬಚ್ಚಲಿಗೂ ಕೆಳಗಿನವರ ಊಟಕ್ಕೂ ಸಂಬಂಧ ಇರುವುದು ಹೀಗೆ.

ಹಾಗಾದರೆ ಏನು ಮಾಡುವುದು?

ಮೊದಲ ಕೆಲಸ ಸುಲಭ. ಬೆಂಕಿ ಹೊತ್ತಿಸಲು ಪ್ಲಾಸ್ಟಿಕ್ ಬೇಕಾಗದಂತೆ ನೋಡಿಕೊಳ್ಳುವುದು. ಮೇ ತಿಂಗಳಲ್ಲಿ ಒಣ ತೆಂಗಿನ ಗರಿ, ಸೀಳಿದ ಹಾಳೆ, ಕಾಯಿ ಕತ್ತ, ಕರಟ ಒಂದು ಚೀಲದಲ್ಲಿ ತುಂಬಿ ಬಚ್ಚಲ ಅಟ್ಟದ ಮೇಲೆ ಇಟ್ಟರೆ ಮಳೆಗಾಲ ಪೂರ್ತಿ ಬರುತ್ತದೆ. ಒಲೆಯ ಶಾಖಕ್ಕೆ ಅದು ಒಣಗಿಯೇ ಇರುತ್ತದೆ. ಕರಟದಷ್ಟು ಚೆನ್ನಾಗಿ ಉರಿಯುವ ವಸ್ತು ಇನ್ನೊಂದಿಲ್ಲ.

ಎರಡನೆಯದು ಕಸ ಬೇರೆ ಮಾಡುವುದು. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿಟ್ಟರೆ ಗುಜರಿಗೆ ಹೋಗುತ್ತದೆ. ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಬೇಡಿ, ಆ ಚೂರು ಯಾರ ಕೈಗೂ ಸಿಗುವುದಿಲ್ಲ. ಚಿಪ್ಸ್ ಪೊಟ್ಟಣದಂಥವು ಒಂದು ಚೀಲಕ್ಕೆ. ತೊಳೆದು ಒಣಗಿಸಿದ ಪ್ಲಾಸ್ಟಿಕ್ ವಾಸನೆ ಬರುವುದಿಲ್ಲ, ತಿಂಗಳುಗಟ್ಟಲೆ ಕಟ್ಟಿಗೆ ಮನೆಯ ಮೂಲೆಯಲ್ಲಿ ಸುಮ್ನೆ ಬಿದ್ದಿರುತ್ತದೆ. ಫ್ಲೆಕ್ಸ್, ಮಾತ್ರೆ ಶೀಟು, ರೆಕ್ಸಿನ್, ವಯರು ಎಂದೂ ಬೆಂಕಿಗೆ ಹಾಕಬೇಡಿ. ಬೇರೆ ಏನನ್ನೂ ಪಾಲಿಸಲು ಆಗದಿದ್ದರೂ ಇದೊಂದನ್ನು ಪಾಲಿಸಿ ಅಂತ ಕೈಮುಗಿದು ಕೇಳುತ್ತೇನೆ.

ಮೂರನೆಯದು ನಮ್ಮ ಕೈಯಲ್ಲಿ ಮಾತ್ರ ಇಲ್ಲ. ರಸ್ತೆಯಲ್ಲಿ, ಸಾರ್ವಜನಿಕ ಜಾಗದಲ್ಲಿ ಕಸ ಸುಡಬಾರದು, ಹೂಳಬಾರದು ಎಂದು 2016ರ ಘನ ತ್ಯಾಜ್ಯ ನಿಯಮ ಹೇಳಿತು. ಗ್ರಾಮ ಪಂಚಾಯತಿಗಳಲ್ಲಿ ಒಣ ಕಸದ ಘಟಕಗಳು ಬಂದಿವೆ, ಸ್ವಚ್ಛ ವಾಹಿನಿ ಗಾಡಿಗಳು ಬಂದಿವೆ. ಎಷ್ಟೋ ಊರಿನಲ್ಲಿ ಅದನ್ನು ಹೆಣ್ಣುಮಕ್ಕಳೇ ಓಡಿಸುತ್ತಾರೆ, ನೋಡಿದರೆ ಖುಷಿಯಾಗುತ್ತದೆ. ಆದರೆ ನಮ್ಮ ಜಿಲ್ಲೆಯ ಮನೆಗಳು ಸಾಲಾಗಿಲ್ಲ. ಕಾಡಿನ ನಡುವೆ ಒಂದಿಲ್ಲಿ ಒಂದಲ್ಲಿ. ಮುಖ್ಯ ರಸ್ತೆಯಿಂದ ತೋಟದ ಮನೆಗೆ ಇಳಿಯುವ ಮಣ್ಣುದಾರಿಯಲ್ಲಿ ಗಾಡಿ ಬರಬೇಕು ಅಂತ ಕೇಳುವುದು ನ್ಯಾಯವೂ ಅಲ್ಲ. ತಿಂಗಳಿಗೆ ಒಂದು ಗೊತ್ತಾದ ದಿನ ಗಾಡಿ ದಾರಿ ಕೂಡುವಲ್ಲಿಗೆ ಬಂದರೆ ಸಾಕು. ಹಾಲು ಹಾಕಲು ಡೇರಿಗೆ ಹೇಗೂ ಹೋಗುತ್ತೇವೆ, ಅಲ್ವಾ? ಡೇರಿಯ ಎದುರೇ ಆ ದಿನ ಇಟ್ಟುಕೊಳ್ಳಬಹುದು. ಗ್ರಾಮಸಭೆಯಲ್ಲಿ ಇದನ್ನು ಬರೆಸಿ ಠರಾವು ಮಾಡಿಸಬೇಕು.

ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ ಉಳಿದಿದೆ, ಸ್ಯಾನಿಟರಿ ಪ್ಯಾಡ್ ಮತ್ತು ಮಕ್ಕಳ ಡೈಪರ್. ಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಬಚ್ಚಲ ಒಲೆ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಹೂತರೆ ನಾಯಿ ಎಳೆಯುತ್ತದೆ, ಗಾಡಿಯವರಿಗೆ ಕೊಡಲು ಸಂಕೋಚ. ಪ್ಯಾಡಿನ ಹೆಚ್ಚಿನ ಭಾಗ ಪ್ಲಾಸ್ಟಿಕ್ ಮತ್ತು ನೀರು ಹೀರುವ ರಾಸಾಯನಿಕ ಪುಡಿ. ಒದ್ದೆ ಇರುವುದರಿಂದ ಅದು ಉರಿಯುವುದಕ್ಕಿಂತ ಕಮರುವುದೇ ಜಾಸ್ತಿ, ಅಂದರೆ ಹೊಗೆ ಇನ್ನೂ ಕೆಟ್ಟದ್ದು. ಇದಕ್ಕೆ ಹೆಣ್ಣುಮಕ್ಕಳನ್ನು ದೂರುವುದು ತಪ್ಪು. ಬಟ್ಟೆಯ ಪ್ಯಾಡ್, ಹಲವು ವರ್ಷ ಬಾಳುವ ಮುಟ್ಟಿನ ಕಪ್ ಈಗ ಸಿಗುತ್ತವೆ. ಮನೆಯವರು ಖರ್ಚು ಕೊಡಬೇಕು, ಬಟ್ಟೆಯನ್ನು ಅಟ್ಟದ ಕತ್ತಲಲ್ಲಿ ಅಲ್ಲ, ಬಿಸಿಲಲ್ಲಿ ಒಣಗಿಸಲು ಜಾಗ ಕೊಡಬೇಕು. ಬೇಡ ಅನ್ನುವವರ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ತೆಗೆದುಕೊಳ್ಳುವ ವ್ಯವಸ್ಥೆಯನ್ನು ಪಂಚಾಯತಿ ಮಾಡಬೇಕು.

ಇಲ್ಲಿ ತನಕ ಪ್ಲಾಸ್ಟಿಕ್ ಸುಟ್ಟ ಒಲೆಯಾಗಿದ್ದರೆ, ಈಗ ಅದರಲ್ಲಿರುವ ಬೂದಿಯನ್ನು ತರಕಾರಿಗೆ, ಗೊಬ್ಬರಗುಂಡಿಗೆ ಹಾಕಬೇಡಿ. ಬಾವಿಯಿಂದ, ಹಳ್ಳದಿಂದ ದೂರ, ನೀರು ಹರಿಯದ ಎತ್ತರದ ಜಾಗದಲ್ಲಿ ಒಂದು ಗುಂಡಿ ತೆಗೆದು ಮುಚ್ಚಿಬಿಡಿ. ಹಂಡೆಯ ತಳದ ಮಸಿ, ಹೊಗೆಗೂಡಿನ ಮಸಿ ಕೆರೆಯುವ ಮೊದಲು ಸ್ವಲ್ಪ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಅದೂ ಅದೇ ಗುಂಡಿಗೆ. ಆಮೇಲೆ ಬರೀ ಕಟ್ಟಿಗೆ, ಸೋಗೆ, ಕರಟ ಉರಿಸಿ ಬಂದ ಬೂದಿಯನ್ನು ಮೊದಲಿನ ಹಾಗೇ ಬಾಳೆ ಬುಡಕ್ಕೆ ಹಾಕಬಹುದು.